ಮಾಳಿಗೆ ಬಿಚ್ಚಿದ ಮೇಲೆ ಬಂದ ನೋಟಿಸ್

ಮುಂಗಾರಿಗೆ ಮುಂಚೆ ಸೋರುವ ಮನೆ ಸರಿಮಾಡಲು ಹೊರಟವರು ಮಳೆಗಾಲ ಮುಗಿದರೂ ಪಾಲಿಕೆಯ ಮೆಟ್ಟಿಲು ಹತ್ತುತ್ತಲೇ ಇರುತ್ತಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹಳೇ ಮನೆಗಳ ರಿಪೇರಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಯಾವ ಕೆಲಸಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ? ಕಡತ ಕದಲದಿದ್ದರೆ ಮನೆಯವರ ಕೈಯಲ್ಲಿ ಏನಿದೆ?

ಮೇ ಕೊನೆಯ ವಾರ. ಬಿಸಿಲು ನೆತ್ತಿಗೇರುವ ಮುಂಚೆಯೇ ಬಳ್ಳಾರಿಯ ಹಳೇ ಪೇಟೆಗಳಲ್ಲಿ ಗೌಂಡಿಗಳು ಮಾಳಿಗೆ ಹತ್ತಿರುತ್ತಾರೆ. ಗುದ್ದಲಿ ಏಟಿಗೆ ದಶಕಗಳ ಸವುಳು ಮಣ್ಣು ಹೆಂಟೆ ಹೆಂಟೆಯಾಗಿ ಏಳುತ್ತದೆ. ಮಣ್ಣಿನ ಕೆಳಗೆ ಪುಡಿಯಾದ ಹುಲ್ಲು, ಹುಲ್ಲಿನ ಕೆಳಗೆ ಚಕ್ಕೆ, ಚಕ್ಕೆಯ ಕೆಳಗೆ ಜಂತಿ. ಒಂದು ಜಂತಿ ಬದಲಿಸಿದರೆ ಸೋರುವುದು ನಿಲ್ಲುತ್ತದೆ ಎಂದು ಕೆಲಸ ಹಿಡಿದ ಮನೆಯವರಿಗೆ, ಸಾಲಾಗಿ ನಾಲ್ಕೈದು ಜಂತಿಗಳನ್ನು ಗೆದ್ದಲು ತಿಂದು ಟೊಳ್ಳು ಮಾಡಿರುವುದು ಕಾಣುತ್ತದೆ. ಜಂತಿ ಕೂತಿದ್ದ ಗೋಡೆಯ ತಲೆ ಬೀದಿಯ ಕಡೆಗೆ ವಾಲಿರುತ್ತದೆ.

"ಹೆಂಗೂ ಬಿಚ್ಚಿದ್ದಾತು, ಒಂದು ಸ್ಲ್ಯಾಬ್ ಹಾಕಿಸಿಬಿಡ್ರಿ. ಮುಂದ ಮ್ಯಾಲೊಂದು ರೂಮ್ ಏರಿಸಾಕ ಬರ್ತೈತಿ" ಎನ್ನುತ್ತಾನೆ ಗೌಂಡಿ.

ಸಂಜೆಯೊಳಗೆ ಬೀದಿಯಲ್ಲಿ ಜಲ್ಲಿ, ಮರಳು, ಕಬ್ಬಿಣದ ರಾಶಿ ಬೀಳುತ್ತದೆ. ಮರುದಿನ ಪಾಲಿಕೆಯ ಇಂಜಿನಿಯರ್ ಬಂದು ನಿಲ್ಲುತ್ತಾರೆ. "ಲೈಸೆನ್ಸ್ ಐತೇನ್ರಿ?" "ರಿಪೇರಿ ಅಷ್ಟೇ ಸಾರ್." ಅಂಗಳದಲ್ಲಿ ಪಿಲ್ಲರಿನ ಗುಂಡಿ ಬಾಯಿ ತೆರೆದಿರುವಾಗ ಆ ಉತ್ತರ ನಿಲ್ಲುವುದಿಲ್ಲ. ಕೆಲಸ ನಿಲ್ಲಿಸಿ ಎಂಬ ನೋಟಿಸ್ ಬರುತ್ತದೆ. ತಲೆಯ ಮೇಲೆ ಛಾವಣಿ ಇಲ್ಲ, ಮಳೆ ಎರಡು ವಾರದ ದೂರದಲ್ಲಿದೆ, ಸಾಮಾನು ಸಂಬಂಧಿಕರ ಮನೆಯಲ್ಲಿದೆ. ಕುಟುಂಬ ಮೊದಲ ಬಾರಿಗೆ ಪಾಲಿಕೆಯ ಕಟ್ಟಡ ಪರವಾನಗಿ ವಿಭಾಗದ ಬಾಗಿಲು ಹುಡುಕುವುದು ಆಗ.

39 ವಾರ್ಡುಗಳ ಬಳ್ಳಾರಿಯಲ್ಲಿ, ಭತ್ತದ ಸಿರುಗುಪ್ಪದಲ್ಲಿ, ಗುಡ್ಡದ ಬುಡದ ಕುರುಗೋಡಿನಲ್ಲಿ ಬೇಸಿಗೆಯ ಕೊನೆಗೆ ಇಂಥ ಮನೆಗಳು ಸಿಗುತ್ತವೆ. ಅನುಮತಿ ಇಲ್ಲದೆ ಮಹಡಿ ಮೇಲೆ ಮಹಡಿ ಏರಿಸುವ ಬಿಲ್ಡರುಗಳ ಮಾತು ಬೇರೆ. ಇಲ್ಲಿ ಹೇಳುತ್ತಿರುವುದು ಅಜ್ಜ ಕಟ್ಟಿದ ಮನೆ ಬೀಳದಂತೆ ಉಳಿಸಿಕೊಳ್ಳಲು ಹೊರಟವರ ಪಾಡು.

ನೆಲವೇ ಉಸಿರಾಡುವ ಊರು

ಈ ಭಾಗದ ಮನೆಗಳಿಗೆ ರಿಪೇರಿ ಯಾಕೆ ಇಷ್ಟು ಬೇಗ ಬೇಗ ಬರುತ್ತದೆ ಎಂಬುದಕ್ಕೆ ಉತ್ತರ ಅರ್ಧ ಮಾಳಿಗೆಯಲ್ಲಿದೆ, ಇನ್ನರ್ಧ ನೆಲದಲ್ಲಿದೆ.

ಬಳ್ಳಾರಿ ಗುಡ್ಡ, ಕುರುಗೋಡು ಗುಡ್ಡದ ಬುಡದ ಗಟ್ಟಿ ನೆಲ ಬಿಟ್ಟರೆ ಸುತ್ತಲೂ ಹೆಚ್ಚಿನದು ಎರೆ ಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನಿಂತ ಅಡಿಪಾಯ ಪ್ರತಿ ವರ್ಷ ಮೇಲೆದ್ದು ಕೆಳಗಿಳಿಯುತ್ತದೆ. ಬಾಗಿಲು, ಕಿಟಕಿಯ ಮೂಲೆಗಳಿಂದ ಓರೆಯಾಗಿ ಏಳುವ ಬಿರುಕು ಅದರ ಗುರುತು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾದರೆ ಮರವನ್ನಷ್ಟೇ ದೂರಿ ಫಲವಿಲ್ಲ.

ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಈ ಉಬ್ಬುವ ಮಣ್ಣಿಗೆ ವರ್ಷದಲ್ಲಿ ಹೆಚ್ಚು ಕಾಲ ತೇವ ಸಿಕ್ಕಿತು. ಸಿರುಗುಪ್ಪ, ಕುರುಗೋಡು ಸೀಮೆಗೆ ಭತ್ತ ಬಂತು, ಹಣ ಬಂತು, ಕೆಲವೆಡೆ ಜೌಗು ಮತ್ತು ಸವುಳೂ ಬಂದವು. ಗೋಡೆಯ ಬುಡದಲ್ಲಿ ಬಿಳಿ ಪುಡಿಯಾಗಿ ಏಳುವ ಉಪ್ಪು, ಗಾರೆ ಉದುರಿಸುವ ತೇವ ಕಾಲುವೆ ಬಯಲಿನ ಊರುಗಳ ಮನೆಯವರಿಗೆಲ್ಲ ಪರಿಚಿತ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದ ನಡುವೆ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ದುಂಡು ಗುಡಿಸಲುಗಳ ನೆಲಗಟ್ಟುಗಳು ಸಿಕ್ಕವು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿನವರು ಮನೆ ಕಟ್ಟಲು ಬಂಡೆಯ ನೆಲ ಆರಿಸಿಕೊಂಡಿದ್ದರು. ಊರು ಬೆಳೆಯುತ್ತ ಮನೆಗಳು ಎರೆ ಹೊಲಕ್ಕೆ ಇಳಿದವು. ಅಲ್ಲಿ ಎರಡು ಮೂರು ಅಡಿ ಪಾಯ ಸಾಲುವುದಿಲ್ಲ.

ಇದಕ್ಕೆ ದಾರಿ ಕಂಡುಹಿಡಿದು ದಶಕಗಳೇ ಆಗಿವೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗೆಂದೇ ಅಂಡರ್‌ರೀಮ್ಡ್ ಪೈಲ್ ಎಂಬ ಪಾಯವನ್ನು ರೂಪಿಸಿತು. ನೆಲದಲ್ಲಿ ಕೊರೆದ ಕಂಬದ ತುದಿಯನ್ನು ಗಡ್ಡೆಯ ಹಾಗೆ ಅಗಲಿಸುವ ವಿಧಾನ ಅದು. ಮೇಲಿನ ಮಣ್ಣು ಎಷ್ಟು ಉಬ್ಬಿದರೂ ಆಳದಲ್ಲಿ ಕಂಬ ಅಲುಗುವುದಿಲ್ಲ. ಭಾರತೀಯ ಮಾನಕ 2911ರ 3ನೇ ಭಾಗ ಆಳವಾದ ಎರೆ ನೆಲದಲ್ಲಿ ಈ ಕಂಬಕ್ಕೆ ಕನಿಷ್ಠ 3.5 ಮೀಟರ್ ಆಳ ಹೇಳುತ್ತದೆ. ಹೊಸ ಮನೆಗೆ ಇದನ್ನು ಮಾಡಬಹುದು. ನಿಂತ ಮನೆಗೆ, ಅದೂ ಅಕ್ಕಪಕ್ಕದ ಮನೆಗೆ ಗೋಡೆ ಹಂಚಿಕೊಂಡ ಮನೆಗೆ ಮಾಡುವುದು ಕಷ್ಟ.

ಹಾಗಾಗಿ ಗೌಂಡಿಯ "ಒಂದು ಸ್ಲ್ಯಾಬ್ ಹಾಕಿಸಿಬಿಡ್ರಿ" ಎಂಬ ಸಲಹೆ ಅಪಾಯಕಾರಿ. ಮಣ್ಣಿನ ಮಾಳಿಗೆ ಭಾರವೇ, ನಿಜ. ಆದರೆ ಆ ಭಾರವನ್ನು ಹೊತ್ತದ್ದು ಅಡಿಗಟ್ಟಲೆ ದಪ್ಪದ ಗೋಡೆ. ಆ ಗೋಡೆಯನ್ನು ಅರ್ಧ ಒಡೆದು, ಇನ್ನರ್ಧದ ಮೇಲೆ ಕಾಂಕ್ರೀಟು ಹೊರಿಸಿ, ಅದರ ಮೇಲೊಂದು ಕೋಣೆ ಏರಿಸಿದರೆ ಹಳೇ ಪಾಯ ಏನು ಮಾಡುತ್ತದೆ ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ಪರವಾನಗಿ ಕೇಳುವ ಕಾನೂನಿನ ಜೀವಾಳ ಈ ಲೆಕ್ಕ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದು ದೊಡ್ಡ ವಾಣಿಜ್ಯ ಕಟ್ಟಡ. ಆದರೆ ಲೆಕ್ಕ ತಪ್ಪಿದ ತೂಕ ಸಣ್ಣ ಮನೆಯನ್ನೂ ಬಿಡುವುದಿಲ್ಲ.

ಎಲ್ಲಿಯವರೆಗೆ ರಿಪೇರಿ?

ಬಳ್ಳಾರಿ ನಗರಕ್ಕೆ ಅನ್ವಯಿಸುವುದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ. ಅದರ 299ನೇ ಪ್ರಕರಣದಂತೆ ಮನೆ ಕಟ್ಟುವವರು ಅಥವಾ ಮರಳಿ ಕಟ್ಟುವವರು ನಿವೇಶನದ ನಕ್ಷೆ, ಕಟ್ಟಡದ ನಕ್ಷೆ ಸಮೇತ ಆಯುಕ್ತರಿಗೆ ಅರ್ಜಿ ಕೊಡಬೇಕು. 300ನೇ ಪ್ರಕರಣದಂತೆ ಅನುಮತಿ ಬರುವ ತನಕ ಕೆಲಸ ಶುರುಮಾಡುವಂತಿಲ್ಲ. ಶುರುಮಾಡಿದರೆ 321ನೇ ಪ್ರಕರಣದಡಿ ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸ್, ಆಮೇಲೆ ತೆರವಿನ ಅಂತಿಮ ಆದೇಶ.

ಸಿರುಗುಪ್ಪ ನಗರಸಭೆ, ಕುರುಗೋಡು ಪುರಸಭೆಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಅಲ್ಲಿ 187ನೇ ಪ್ರಕರಣ. ಹೊಸದಾಗಿ ಕಟ್ಟುವುದಷ್ಟೇ ಅಲ್ಲ, ಇರುವ ಮನೆಯ ಹೊರರೂಪ ಬದಲಿಸುವುದು, ಅದಕ್ಕೆ ಸೇರಿಸಿ ಕಟ್ಟುವುದೂ ಅದರ ವ್ಯಾಪ್ತಿಗೆ ಬರುತ್ತದೆ. ಒಂದೇ ಜಿಲ್ಲೆ, ಒಂದೇ ಬಗೆಯ ಮಾಳಿಗೆ ಮನೆ. ಊರು ಬದಲಾದರೆ ಕಾನೂನೇ ಬೇರೆ. ಬಳ್ಳಾರಿಯಲ್ಲಿ ನೆಂಟರು ಮಾಡಿದ್ದನ್ನು ನೋಡಿ ಸಿರುಗುಪ್ಪದಲ್ಲಿ ಅರ್ಜಿ ಬರೆಸಿದರೆ ಅದು ವಾಪಸ್ ಬರಬಹುದು.

ಹಾಗಾದರೆ ಸೋರುವ ಮನೆಗೆ ಕೈ ಹಾಕುವಂತೆಯೇ ಇಲ್ಲವೇ? ಇದೆ. ಇದನ್ನು ತಿಳಿದವರು ಕಡಿಮೆ.

|| ಬಾಕ್ಸ್ || ಪರವಾನಗಿ ಬೇಡದ ಕೆಲಸಗಳು

ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕೆಲವು ಕೆಲಸಗಳಿಗೆ ಪರವಾನಗಿ ಬೇಡ ಎನ್ನುತ್ತದೆ: ಗಾರೆ, ತೇಪೆ, ಸುಣ್ಣಬಣ್ಣ, ನೆಲಹಾಸು ಬದಲಿಸುವುದು, ಮೊದಲಿದ್ದ ಎತ್ತರದಲ್ಲೇ ಛಾವಣಿ ಹೊಸದು ಮಾಡುವುದು, ಬಿದ್ದ ಇಟ್ಟಿಗೆ, ಕಲ್ಲು, ಕಂಬ, ತೊಲೆ ಬದಲಿಸುವುದು, ಬೀದಿಗೋ ಪಕ್ಕದವರ ಜಾಗಕ್ಕೋ ತೆರೆಯದ ಕಿಟಕಿ ಬಾಗಿಲು ಇಡುವುದು. ಮಳೆ, ಗಾಳಿ, ಬೆಂಕಿಗೆ ಬಿದ್ದ ಭಾಗವನ್ನು ಮೊದಲಿದ್ದಷ್ಟೇ ಅಳತೆಯಲ್ಲಿ ಮರಳಿ ಕಟ್ಟುವುದೂ ಈ ಪಟ್ಟಿಯಲ್ಲಿದೆ. ಷರತ್ತು ಎಂದರೆ ಕಟ್ಟಡದ ಗಟ್ಟಿತನಕ್ಕೆ, ಅಗ್ನಿ ಸುರಕ್ಷತೆಗೆ, ಮಾಸ್ಟರ್ ಪ್ಲಾನಿಗೆ ಧಕ್ಕೆ ಬರಬಾರದು. ಸಂಹಿತೆ ಮಾರ್ಗದರ್ಶಿ, ಸ್ಥಳೀಯ ಉಪವಿಧಿಯ ಮಾತೇ ಕೊನೆಯದು. ಆದ್ದರಿಂದ ಕೆಲಸಕ್ಕೆ ಮುಂಚೆ ಒಂದು ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದು ಒಳಿತು.

ಈ ಪಟ್ಟಿಯನ್ನು ಎದುರಿಗಿಟ್ಟು ನೋಡಿದರೆ ಮಾಳಿಗೆ ಮನೆಯ ತೊಡಕು ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತದೆ. ಕೊಳೆತ ಜಂತಿ ತೆಗೆದು ಬೇರೆ ಜಂತಿ ಇಟ್ಟು, ಮಣ್ಣು ಹೊಸದಾಗಿ ಬಿಗಿದರೆ ಅದು ರಿಪೇರಿ. ಗೋಡೆ ಒಡೆದು ಪಿಲ್ಲರ್ ಎತ್ತಿದ ಕ್ಷಣ ಅದು ಮರುನಿರ್ಮಾಣ. ಎತ್ತರ ಒಂದು ಅಡಿ ಏರಿದರೂ ಪ್ರಶ್ನೆ ಏಳುತ್ತದೆ. ಆದರೆ ಹಳೇ ರೀತಿಯಲ್ಲೇ ಸರಿಮಾಡಲು ಇವತ್ತು ಒಳ್ಳೇ ಮರ ದುಬಾರಿ, ಸವುಳು ಮಣ್ಣನ್ನು ಹದವಾಗಿ ಹರಡಿ ಬಡಿಯುವ ಕೈಗಳೂ ವಿರಳ. ಕಾನೂನು ಸುಲಭ ಮಾಡಿಕೊಟ್ಟ ಕೆಲಸವನ್ನು ಮಾಡುವವರು ಸಿಗುವುದಿಲ್ಲ. ಮಾಡುವವರು ಸಿಗುವ ಕೆಲಸಕ್ಕೆ ಕಾನೂನು ನಕ್ಷೆ ಕೇಳುತ್ತದೆ.

ಅಜ್ಜನ ಹೆಸರಿನ ಖಾತಾ

ನಕ್ಷೆ ಕೊಡಲು ಯಾರ ಅಭ್ಯಂತರವೂ ಇರುವುದಿಲ್ಲ. ಪಾಲಿಕೆಯಲ್ಲಿ ನೋಂದಾಯಿತ ಇಂಜಿನಿಯರ್ ನಕ್ಷೆ ಬರೆದು ಏಕಗವಾಕ್ಷಿ ತಂತ್ರಾಂಶಕ್ಕೆ ಏರಿಸುತ್ತಾರೆ. ಮುಂಚೆ ನಿರ್ಮಾಣ-2 ಎಂಬ ತಂತ್ರಾಂಶವಿತ್ತು. ಆಮೇಲೆ ಪೌರಾಡಳಿತ ಇಲಾಖೆ ಭೂ ಮತ್ತು ಕಟ್ಟಡ ನಕ್ಷೆ ಅನುಮೋದನೆಗೆ ಬೇರೆ ವ್ಯವಸ್ಥೆ ತಂದಿತು. ತಂತ್ರಾಂಶ ಮೊದಲು ಕೇಳುವುದು ಮಾಲೀಕರ ಹೆಸರನ್ನು. ಹಳೇ ಮನೆಗಳು ಮುಗ್ಗರಿಸುವುದು ಅಲ್ಲೇ.

ಖಾತಾ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಮೂವತ್ತು ವರ್ಷ. ಮೂವರು ಗಂಡುಮಕ್ಕಳಲ್ಲಿ ಒಬ್ಬರು ಈ ಮನೆಯಲ್ಲಿದ್ದಾರೆ, ಇನ್ನಿಬ್ಬರು ಬೇರೆ ಊರು ಸೇರಿದ್ದಾರೆ. ಪಾಲು ಬಾಯಿಮಾತಿನಲ್ಲಿ ಆಗಿದೆ. ಪಾಲುಪತ್ರ ನೋಂದಣಿ ಆಗಿಲ್ಲ. ಹೆಣ್ಣುಮಕ್ಕಳ ಸಹಿ ಯಾರೂ ಕೇಳಿಲ್ಲ. ಇಷ್ಟು ದಿನ ಕಂದಾಯದ ರಸೀದಿ ಅಜ್ಜನ ಹೆಸರಿಗೇ ಬರುತ್ತಿತ್ತು, ಎಲ್ಲವೂ ನಡೆದಿತ್ತು. ಈಗ ಇ-ಆಸ್ತಿ ತಂತ್ರಾಂಶದಲ್ಲಿ ನಮೂನೆ-3 ಬೇಕು. ಅದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಸೋರುವ ಛಾವಣಿಯಿಂದ ಶುರುವಾದ ಕೆಲಸ ಅಣ್ಣತಮ್ಮಂದಿರ ಪಾಲಿನ ಮಾತಿಗೆ ಬಂದು ನಿಲ್ಲುತ್ತದೆ.

ಬಳ್ಳಾರಿಗೆ ಇನ್ನೊಂದು ವಿಶೇಷವೂ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಮೈಸೂರಿಗೆ ಸೇರಿತು. ಅಲ್ಲಿಯವರೆಗೆ ಅದು ಮದರಾಸಿನ ಭಾಗ. ಊರಿನ ಪೌರಾಡಳಿತ ನಡೆಯುತ್ತಿದ್ದದ್ದು 1920ರ ಮದರಾಸು ಜಿಲ್ಲಾ ಪುರಸಭೆಗಳ ಕಾಯ್ದೆಯಂತೆ. 1964ರ ಕಾಯ್ದೆ ಬಂದ ಮೇಲಷ್ಟೇ ಅದು ರದ್ದಾಯಿತು. ಆ ಕಾಲದ ಮನೆಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಅಳತೆ ಗಜದಲ್ಲಿದ್ದರೆ, ಚಕ್ಕುಬಂದಿಯಲ್ಲಿ ಹೇಳಿದ ಪಕ್ಕದ ಮನೆ ಎಂದೋ ಕೈ ಬದಲಾಗಿದ್ದರೆ, ಅವತ್ತಿನ ಕಾಗದವನ್ನು ಇವತ್ತಿನ ತಂತ್ರಾಂಶದ ಚೌಕಟ್ಟಿಗೆ ಕೂರಿಸುವುದು ಮನೆಯವರ ಪಾಲಿಗೆ ಬೀಳುತ್ತದೆ. ಇದು ಮಾಲೀಕರ ತಪ್ಪಲ್ಲ. ದಾಖಲೆ ಕೊಠಡಿಯಲ್ಲಿ ಹಳೇ ತೆರಿಗೆ ರಿಜಿಸ್ಟರುಗಳನ್ನು ಹುಡುಕಿ ಹೊಂದಿಸಿಕೊಡುವ ಹೊಣೆ ಸ್ಥಳೀಯ ಸಂಸ್ಥೆಯದ್ದೂ ಆಗಬೇಕು.

ಕುರುಗೋಡಿನಲ್ಲಿ ಸಮಸ್ಯೆಯ ಮುಖ ಬೇರೆ. ಗ್ರಾಮ ಪಂಚಾಯಿತಿಯಾಗಿದ್ದ ಊರು ಪುರಸಭೆಯಾಯಿತು, ಆಮೇಲೆ ತಾಲ್ಲೂಕು ಕೇಂದ್ರವೂ ಆಯಿತು. ಪಂಚಾಯಿತಿ ಕಾಲದ ಮನೆಗಳ ದಾಖಲೆ ಇ-ಸ್ವತ್ತಿನ ನಮೂನೆ 9, 11ರ ಲೋಕದ್ದು. ಪುರಸಭೆಯದು ಇ-ಆಸ್ತಿಯ ಲೋಕ. ಗ್ರಾಮಠಾಣಾ ಗಡಿಯೊಳಗಿನ ಹಳೇ ಮನೆಗೆ ಒಂದು ದಾರಿ, ಗಡಿ ದಾಟಿ ಹೊಲದಲ್ಲಿ ಎದ್ದ ಮನೆಗೆ ಇನ್ನೊಂದು ದಾರಿ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತಾ ಕೊಡುವ ಅಭಿಯಾನ ಶುರುಮಾಡಿದಾಗ ಕಚೇರಿಗಳ ಮುಂದೆ ಸಾಲು ಬೆಳೆಯಿತು. ಬಿ-ಖಾತಾ ಸಿಕ್ಕಿತು ಎಂದರೆ ಆಸ್ತಿ ತೆರಿಗೆಯ ಬಲೆಗೆ ಬಂತು ಎಂದಷ್ಟೇ ಅರ್ಥ. ಅದನ್ನು ಹಿಡಿದು ಮೇಲೊಂದು ಮಹಡಿ ಕಟ್ಟಲು ಹೊರಟವರು ಅಲ್ಲಿಗೇ ನಿಲ್ಲುವುದು ಒಳ್ಳೆಯದು.

ಕೋಟೆಯ ನೆರೆಯಲ್ಲಿ

ಬಳ್ಳಾರಿ ಗುಡ್ಡದ ಮೇಲಿನ ಕೋಟೆಯನ್ನು ಹನುಮಪ್ಪ ನಾಯಕ ಕಟ್ಟಿಸಿದ. ಕೆಳಗಿನ ಕೋಟೆ ಹೈದರ್ ಅಲಿಯ ಕಾಲದ್ದು. ಕೆಳಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಎಂದು ಆಮೇಲೆ ತಿಳಿದು ಗಲ್ಲಿಗೇರಿಸಿದರು ಎಂಬ ಐತಿಹ್ಯ ಊರಿನಲ್ಲಿದೆ. ಸ್ಥಳ ಪರಿಶೀಲನೆಯಲ್ಲಿ ಆದ ತಪ್ಪಿಗೆ ಊರು ನೆನಪಿಟ್ಟುಕೊಂಡ ಅತಿ ಕಠಿಣ ಶಿಕ್ಷೆ ಅದು.

ಇವತ್ತು ಆ ಕೋಟೆ ಕೇಂದ್ರ ಸಂರಕ್ಷಿತ ಸ್ಮಾರಕ. ಅದರ ಸುತ್ತಲಿನ ಮನೆಯವರಿಗೆ ಪಾಲಿಕೆಯ ಅನುಮತಿಯೊಂದೇ ಸಾಲದು.

|| ಬಾಕ್ಸ್ || ನೂರು ಮೀಟರ್, ಇನ್ನೂರು ಮೀಟರ್

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚಿನ ಮನೆಯನ್ನು ಅನುಮತಿ ಪಡೆದು ದುರಸ್ತಿ, ನವೀಕರಣ ಮಾಡಬಹುದು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ; ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಅರ್ಜಿ ಸಕ್ಷಮ ಪ್ರಾಧಿಕಾರಿಯ ಮೂಲಕ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ಅದನ್ನು ಮುಂದಕ್ಕೆ ಕಳಿಸಲು 15 ದಿನ, ಪ್ರಾಧಿಕಾರ ಅಭಿಪ್ರಾಯ ಹೇಳಲು 2 ತಿಂಗಳು. ಮುರಿದವರಿಗೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಈ ಗಡುವುಗಳನ್ನು ಕೂಡಿಸಿದರೆ ಮುಂಗಾರಿಗೆ ಮುಂಚೆ ಛಾವಣಿ ಸರಿಮಾಡಿಸಬೇಕಾದವರು ಚಳಿಗಾಲದಲ್ಲೇ ಅರ್ಜಿ ಹಾಕಿರಬೇಕು. ಮನೆಯಿಂದ ಸ್ಮಾರಕದ ಗಡಿಗೆ ಎಷ್ಟು ದೂರ ಎಂಬುದನ್ನು ಅಳೆದುಕೊಂಡೇ ಮುಂದಿನ ಮಾತು. ಕುರುಗೋಡಿನಂಥ ಊರಿನಲ್ಲೂ ಈ ಎಚ್ಚರ ಬೇಕು. ಸಿಂದರು ಆಳಿದ ಊರು ಅದು. ಗುಡ್ಡದ ಬುಡದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇಗುಲಗಳ ಗುಂಪು, ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಬೃಹತ್ ನಂದಿ. ಯಾವ ಗುಡಿ ಕೇಂದ್ರದ ಪಟ್ಟಿಯಲ್ಲಿದೆ, ಯಾವುದು ರಾಜ್ಯದ ಪಟ್ಟಿಯಲ್ಲಿದೆ, ಯಾವುದು ಎರಡರಲ್ಲೂ ಇಲ್ಲ ಎಂಬುದರ ಮೇಲೆ ಪಕ್ಕದ ಮನೆಯವರ ಹಣೆಬರಹ ನಿಂತಿರುತ್ತದೆ. ಈ ಅಳತೆಯ ನಕ್ಷೆಯನ್ನು ಪುರಸಭೆಯ ಗೋಡೆಗೆ ಅಂಟಿಸಿದರೆ ಎಷ್ಟೋ ಜನರ ಓಡಾಟ ತಪ್ಪುತ್ತದೆ.

ಪರಂಪರೆಯ ಹೆಸರಿನ ಈ ಬಿಗಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಹಂಪಿಯೇ ಸಾಕ್ಷಿ. 2011ರಲ್ಲಿ ಅದಿನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ವರ್ಷದ ಜುಲೈ 29ರಂದು ವಿರೂಪಾಕ್ಷ ಬಜಾರಿನ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಕಟ್ಟಿಕೊಂಡು ಬದುಕುತ್ತಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಕಂಬಗಳಿಗೆ ಧಕ್ಕೆ ಆಗುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ಗೋಡೆಗಳು ಎದ್ದದ್ದು ಒಂದೇ ರಾತ್ರಿಯಲ್ಲೂ ಅಲ್ಲ. ದಶಕಗಟ್ಟಲೆ ಕಣ್ಣು ಮುಚ್ಚಿ ಒಂದು ದಿನ ಬುಲ್‌ಡೋಜರ್ ತರುವುದಕ್ಕಿಂತ, ಮೊದಲ ಗೋಡೆ ಏಳುವಾಗಲೇ ಬಂದು ಏನು ಮಾಡಬಹುದು, ಏನು ಕೂಡದು ಎಂದು ಹೇಳುವ ಆಡಳಿತ ಜನರಿಗೂ ಕಲ್ಲಿಗೂ ಒಳ್ಳೆಯದು ಮಾಡುತ್ತದೆ.

ನೆರೆ ಬಂದ ಮೇಲೆ

ಸಿರುಗುಪ್ಪಕ್ಕೆ ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ ಎಂದು ಕರೆಯುವ ವೇದಾವತಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆ ಉತ್ತರ ಕರ್ನಾಟಕವನ್ನು ಕೆಡವಿದಾಗ ಈ ತಾಲ್ಲೂಕಿನ ಹಳ್ಳಿಗಳೂ ಮುಳುಗಿದವು. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳುವುದಕ್ಕಿಂತ ನೀರು ಇಳಿದು ಬಿಸಿಲು ಬಂದ ಮೇಲೆ ಬೀಳುವುದೇ ಹೆಚ್ಚು. ನೆನೆದ ಬುಡ ಮೇಲಿನ ಭಾರ ತಾಳುವುದಿಲ್ಲ. ಆಗ ಬಂದ ಆಸರೆ ಯೋಜನೆ ಕೆಲವು ಊರುಗಳನ್ನೇ ಎತ್ತರದ ಜಾಗಕ್ಕೆ ಸಾಗಿಸಿತು.

ಮಳೆಗೆ ಮನೆ ಬಿದ್ದರೆ ಮನೆಯವರ ಮುಂದೆ ಎರಡು ಕಚೇರಿಗಳು ನಿಲ್ಲುತ್ತವೆ. ಹಾನಿ ಅಳೆಯುವುದು ಕಂದಾಯ ಇಲಾಖೆ; ಮರಳಿ ಕಟ್ಟಲು ಒಪ್ಪಿಗೆ ಕೊಡುವುದು ನಗರಸಭೆ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. 2019ರ ನೆರೆಯ ವರ್ಷ ರಾಜ್ಯ ಸರ್ಕಾರ ಮೇಲಿಂದ ಹಣ ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಹಾನಿಯ ಪ್ರಮಾಣದಂತೆ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸಿ, ಕೆಲಸದ ಹಂತದ ಫೋಟೊ ಏರಿಸಿದ ಮೇಲೆ ಕಂತು ಬಿಡುಗಡೆ ಮಾಡುವ ಏರ್ಪಾಡು.

ಒಂದು ಗೋಡೆ ಬಿದ್ದ ಮನೆಗೆ 4,000 ರೂಪಾಯಿ ಸಿಮೆಂಟಿಗೂ ಸಾಲದು. ಆದ್ದರಿಂದ ಜನ ಉಳಿದ ಗೋಡೆಗಳನ್ನೂ ಕೆಡವಿ, ಸಾಲ ತಂದು, ಇಡೀ ಮನೆಗೆ ಕೈಹಾಕುತ್ತಾರೆ. ಮೊದಲಿದ್ದಷ್ಟೇ ಕಟ್ಟಿಕೊಳ್ಳುವ ಸರಳ ದಾರಿ ಅಲ್ಲಿಗೆ ಮುಚ್ಚಿತು. ಈಗ ಅದು ಹೊಸ ಮನೆ. ನಕ್ಷೆ ಬೇಕು, ಸೆಟ್‌ಬ್ಯಾಕ್ ಬೇಕು. ಅಕ್ಕಪಕ್ಕ ಗೋಡೆಗೆ ಗೋಡೆ ತಾಗಿದ ಹಳೇ ಓಣಿಯಲ್ಲಿ ಒಂದೊಂದು ಮೀಟರ್ ಬಿಟ್ಟು ಕಟ್ಟಿ ಎಂದರೆ ಉಳಿಯುವುದು ಒಂದು ಪಡಸಾಲೆಯಷ್ಟು ಜಾಗ. ಹೊಸ ಬಡಾವಣೆಗೆ ಬರೆದ ನಿಯಮವನ್ನು ಹಳೇ ಊರಿನ ಮೇಲೆ ಹಾಗೇ ಹೊದಿಸುವುದು ಅನ್ಯಾಯ. ಜನರನ್ನು ಕದ್ದು ಕಟ್ಟುವಂತೆ ದೂಡುವುದೂ ಅದೇ.

ಸಕ್ರಮಕ್ಕೆ ಕಾದವರು

"ಕಟ್ಟಿಬಿಡ್ರಿ, ಅಕ್ರಮ-ಸಕ್ರಮದಾಗ ಸರಿಮಾಡಿಸಿಕೊಂಡರಾತು" ಎಂಬ ಮಾತು ಈಗಲೂ ಕೇಳುತ್ತದೆ. ಇದನ್ನು ನಂಬಿ ಕೆಲಸ ಹಿಡಿಯಬೇಡಿ.

ನಿಯಮ ಮೀರಿ ಕಟ್ಟಿದ್ದನ್ನು ಸಕ್ರಮಗೊಳಿಸುವ ಆ ಯೋಜನೆಯ ನಿಯಮಗಳು ಬಂದದ್ದು 2014ರಲ್ಲಿ. 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದ, ವಾಸದ ಮನೆಯಾದರೆ ಶೇ 50ರ ಒಳಗಿನ, ವಾಣಿಜ್ಯವಾದರೆ ಶೇ 25ರ ಒಳಗಿನ ಉಲ್ಲಂಘನೆಗೆ ಮಾತ್ರ ಅವಕಾಶ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈಚೆಗೆ ಏರಿಸಿದ ಕೋಣೆಗೆ ಆ ನಿಯಮದಲ್ಲಿ ಜಾಗವೇ ಇಲ್ಲ.

ಬಿಗಿ ಹೆಚ್ಚುತ್ತಲೂ ಇದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು: ನಿರ್ಮಾಣ ಮುಗಿದ ಬಗ್ಗೆ, ವಾಸಕ್ಕೆ ಯೋಗ್ಯ ಎಂಬ ಬಗ್ಗೆ ಪ್ರಮಾಣಪತ್ರ ತೋರಿಸಿದ ಮೇಲಷ್ಟೇ ವಿದ್ಯುತ್, ನೀರಿನ ಸಂಪರ್ಕ. ಮರುವರ್ಷ ಕರ್ನಾಟಕದ ವಿದ್ಯುತ್ ಕಂಪನಿಗಳಾದ ಎಸ್ಕಾಂಗಳು ಈ ಪತ್ರ ಕೇಳತೊಡಗಿದಾಗ ಕಟ್ಟಿ ಮುಗಿಸಿದ ಎಷ್ಟೋ ಮನೆಗಳು ಮೀಟರಿಗಾಗಿ ಕಾದವು. ಸಣ್ಣ ನಿವೇಶನಗಳಿಗೆ ರಿಯಾಯಿತಿ ಕೊಡುವ ತೀರ್ಮಾನಗಳು ಆಮೇಲೆ ಬಂದಿವೆ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ಪಾಲಿಕೆ ಮತ್ತು ಜೆಸ್ಕಾಂ ಎರಡೂ ಕಡೆ ಕೇಳಿಕೊಳ್ಳಬೇಕು. ಮೇಲಿನ ಕೋಣೆಗೆ ಬೇರೆ ಮೀಟರ್ ಬೇಕು ಎಂದುಕೊಂಡವರಂತೂ ಗೋಡೆ ಏಳುವ ಮುಂಚೆಯೇ ಕೇಳಬೇಕು.

ಕಡತಕ್ಕೂ ಗಡುವಿದೆ

ಮನೆಯವರ ಕರ್ತವ್ಯದ ಬಗ್ಗೆ ಬರೆದ ಕಾನೂನು ಅಧಿಕಾರಿಯ ಕರ್ತವ್ಯವನ್ನೂ ಬರೆದಿದೆ. ಕಚೇರಿಯ ಗೋಡೆಗಳ ಮೇಲೆ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದು ಅಪರೂಪ.

ಪೌರ ನಿಗಮಗಳ ಕಾಯ್ದೆಯ 301, 302ನೇ ಪ್ರಕರಣಗಳಂತೆ ಆಯುಕ್ತರು 30 ದಿನದೊಳಗೆ ಒಪ್ಪಬೇಕು ಇಲ್ಲವೇ ನಿರಾಕರಿಸಬೇಕು. ನಿರಾಕರಿಸಿದರೆ ಕಾರಣ ಬರೆದು ಕೊಡಬೇಕು. ಎರಡೂ ಆಗದಿದ್ದರೆ 303ನೇ ಪ್ರಕರಣದಂತೆ ಅರ್ಜಿದಾರರು ವಿಷಯವನ್ನು ಲಿಖಿತವಾಗಿ ಸ್ಥಾಯಿ ಸಮಿತಿಯ ಮುಂದೆ ಒಯ್ಯಬಹುದು. ಅಲ್ಲೂ ಒಂದು ತಿಂಗಳಲ್ಲಿ ತೀರ್ಮಾನ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಲಾಗುತ್ತದೆ. ಹಾಗೆ ಸಿಕ್ಕ ಅನುಮತಿಯಲ್ಲೂ ಉಪವಿಧಿ ಮುರಿಯುವಂತಿಲ್ಲ ಎಂಬುದು ನೆನಪಿರಲಿ. ಹೆಚ್ಚುವರಿ ದಾಖಲೆ ಕೇಳಿದರೆ ಗಡುವು ಆ ದಾಖಲೆ ಕೊಟ್ಟ ದಿನದಿಂದ ಓಡುತ್ತದೆ. ಹೀಗಾಗಿ ಒಂದೊಂದೇ ಕಾಗದ ಕೇಳುತ್ತ ಹೋದರೆ 30 ದಿನ ಆರು ತಿಂಗಳಾಗುತ್ತದೆ. ಬೇಕಾದ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದು ಕೇಳಿ ಎಂದು ಅರ್ಜಿದಾರರು ಮೊದಲ ದಿನವೇ ಲಿಖಿತವಾಗಿ ಕೋರುವುದು ಒಳ್ಳೆಯದು.

|| ಬಾಕ್ಸ್ || ಕೈಯಲ್ಲಿ ಇರಬೇಕಾದದ್ದು

ಸಕಾಲ: ಗಡುವಿನೊಳಗೆ ಸೇವೆ ಕೊಡಬೇಕೆನ್ನುವ 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ. ಅರ್ಜಿಗೆ 15 ಅಂಕಿಯ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ಕಡತ ಯಾರ ಮೇಜಿನ ಮೇಲೆ ನಿಂತಿದೆ ಎಂಬುದಕ್ಕೆ ದಾಖಲೆ ಸಿಗುತ್ತದೆ.

ಫೋಟೊ: ಬಿಚ್ಚುವ ಮುಂಚೆ ಮನೆಯ ನಾಲ್ಕೂ ಗೋಡೆ, ಛಾವಣಿಯ ಎತ್ತರ, ಬಿರುಕುಗಳ ಚಿತ್ರ ತಾರೀಖು ಸಮೇತ ಇರಲಿ. ಮೊದಲು ಎಷ್ಟಿತ್ತು ಎಂಬುದೇ ಮುಂದೆ ದೊಡ್ಡ ತಕರಾರು.

ಪಕ್ಕದವರ ಒಪ್ಪಿಗೆ: ಜಂಟಿ ಗೋಡೆ ಇದ್ದರೆ ಬರವಣಿಗೆಯಲ್ಲಿ. ಒಂದು ತಡೆಯಾಜ್ಞೆ ಇಡೀ ಬೇಸಿಗೆಯನ್ನು ನುಂಗಬಲ್ಲದು.

ಮೇಲ್ಮನವಿ: ಬಳ್ಳಾರಿ ಪಾಲಿಕೆಯ ಅಂತಿಮ ತೆರವು ಆದೇಶದ ವಿರುದ್ಧ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಹಾಗಾಗಿ ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರಬಾರದು.

ಇಷ್ಟೆಲ್ಲ ಹೇಳಿದ ಮೇಲೂ, ಸೋರುವ ಮನೆಯ ಬಡ ಕುಟುಂಬವೊಂದು ಪ್ರಕರಣ 303 ಹಿಡಿದು ಸ್ಥಾಯಿ ಸಮಿತಿಯ ತನಕ ಹೋಗಲಿ ಎಂದು ಬಯಸುವುದು ಹೆಚ್ಚೇ. ಬೇಕಾಗಿರುವುದು ಕಚೇರಿಯ ಕಡೆಯಿಂದ ಒಂದು ಹೆಜ್ಜೆ. ಪ್ರತಿ ವರ್ಷ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹಳೇ ಮನೆಗಳ ದುರಸ್ತಿಗೆಂದೇ ಒಂದು ಕೌಂಟರ್ ತೆರೆಯಬೇಕು. ಅಲ್ಲಿ ಒಬ್ಬ ಇಂಜಿನಿಯರ್, ಕಂದಾಯ ವಿಭಾಗದ ಒಬ್ಬ ಸಿಬ್ಬಂದಿ ಜೊತೆಗೆ ಕೂರಬೇಕು. ಅರ್ಜಿ ಬಂದ ವಾರದೊಳಗೆ ಮನೆ ನೋಡಿ, ಇದು ಪರವಾನಗಿ ಬೇಡದ ರಿಪೇರಿಯೋ, ನಕ್ಷೆ ಬೇಕಾದ ಕೆಲಸವೋ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಎರೆ ನೆಲದ ಪಾಯದ ಬಗ್ಗೆ, ಹಳೇ ಗೋಡೆ ಎಷ್ಟು ಭಾರ ಹೊರುತ್ತದೆ ಎಂಬುದರ ಬಗ್ಗೆ ಅಲ್ಲೇ ಸಲಹೆ ಸಿಗಬೇಕು. ಖಾತಾ ತೊಡಕಿದ್ದರೂ ಬೀಳುವ ಗೋಡೆಗೆ ಆನಿಕೆ ಕೊಡುವ, ಸೋರುವ ಛಾವಣಿ ಮುಚ್ಚುವ ತುರ್ತು ಕೆಲಸಕ್ಕೆ ಒಪ್ಪಿಗೆ ತಡೆಯಬಾರದು. ಇದಕ್ಕೆ ಹೊಸ ಕಾಯ್ದೆ ಬೇಡ, ಇರುವ ಸಿಬ್ಬಂದಿಗೆ ಎರಡು ತಿಂಗಳ ಕೆಲಸ ಹಂಚಿದರೆ ಸಾಕು.

ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳು ಬಜೆಟ್ ಸಿದ್ಧಪಡಿಸುವ ಮುನ್ನ ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮಾಳಿಗೆ ಮನೆಯವರು ಈ ಸಲ ಆ ಸಭೆಗೆ ಹೋಗಿ, ಈ ಕೌಂಟರನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದು ಬನ್ನಿ.